ಟ್ರೂಪರ್ ಮನೆ ಎಲ್ಲಿ ಮಾಡಬೇಕು? ಮುಂಗಡ ಕೊಡುವ ಮೊದಲು ಇಷ್ಟು ನೋಡಿಕೊಳ್ಳಿ

ನನ್ನ ಅಕ್ಕನ ಮಗ ಅಮೆರಿಕದ ಒಂದು ರಾಜ್ಯದ ಪೊಲೀಸ್ ಅಕಾಡೆಮಿ ಸೇರಿದ ಮೂರನೇ ತಿಂಗಳಿಗೇ ಮನೆಗೆ ಮುಂಗಡ ಕೊಟ್ಟುಬಿಟ್ಟ. ಊರು ಚೆನ್ನಾಗಿತ್ತು, ಶಾಲೆ ಹತ್ತಿರವಿತ್ತು, ಹೆಂಡತಿಯ ಆಫೀಸಿಗೆ ಇಪ್ಪತ್ತೇ ನಿಮಿಷ. ತರಬೇತಿ ಮುಗಿದು ಪೋಸ್ಟಿಂಗ್ ಕೈಗೆ ಬಂದಾಗ ನೋಡಿದರೆ ಅವನಿಗೆ ಸಿಕ್ಕಿದ್ದು ರಾಜ್ಯದ ಇನ್ನೊಂದು ತುದಿ. ಮುಂಗಡ ಹೋಯಿತು. ಹಣಕ್ಕಿಂತ ಹೆಚ್ಚು ನೋಯಿಸಿದ್ದು ಆಮೇಲಿನ ಮೂರು ತಿಂಗಳು. ಅವನು ಮೋಟೆಲಿನಲ್ಲಿ, ಅವಳು ಮಗುವಿನೊಂದಿಗೆ ಹಳೆಯ ಅಪಾರ್ಟ್‌ಮೆಂಟಿನಲ್ಲಿ. ಅಲ್ಲೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳಲ್ಲಿ ಯಾರಾದರೂ ಸಮವಸ್ತ್ರ ತೊಡುವ ಮನಸ್ಸು ಮಾಡಿದ್ದರೆ, ಅವರ ಮನೆಯವರಿಗೆ ಈ ಪಾಡು ಬರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಟ್ರೂಪರ್, ಅಂದರೆ ರಾಜ್ಯ ಪೊಲೀಸಿನ ಅಧಿಕಾರಿ, ತನ್ನ ಪೋಸ್ಟಿನಿಂದ (ಠಾಣೆಯಿಂದ) ಎಷ್ಟು ದೂರದಲ್ಲಿ ವಾಸಿಸಬಹುದು ಎಂಬ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೆ ಅವುಗಳ ಹಿಂದಿನ ಪ್ರಶ್ನೆ ಒಂದೇ. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ, ಹಾಸಿಗೆಯಿಂದೆದ್ದ ಅಧಿಕಾರಿ ತನ್ನ ಸರಹದ್ದಿನ ರಸ್ತೆ ಮುಟ್ಟಲು ಎಷ್ಟು ಹೊತ್ತು ಬೇಕು? ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೈಪಿಡಿಯ ಒರಟು ಸಾಲುಗಳೂ ಅರ್ಥವಾಗುತ್ತವೆ.

ಯಾವ ಪೊಲೀಸ್ ಎಂಬುದು ಮೊದಲು ಗೊತ್ತಿರಲಿ

ನಗರಕ್ಕೆ ನಗರದ ಪೊಲೀಸ್, ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಶೆರಿಫ್, ಇಡೀ ರಾಜ್ಯಕ್ಕೆ ಸ್ಟೇಟ್ ಪೊಲೀಸ್. ಪೆನ್ಸಿಲ್ವೇನಿಯಾ, ಮಿಷಿಗನ್, ನ್ಯೂಯಾರ್ಕ್‌ಗಳಲ್ಲಿ ಹೆಸರೇ ಸ್ಟೇಟ್ ಪೊಲೀಸ್. ಕ್ಯಾಲಿಫೋರ್ನಿಯಾ, ಒಹಾಯೊ, ಮಿಸೌರಿಗಳಲ್ಲಿ ಹೈವೇ ಪೆಟ್ರೋಲ್. ಟೆಕ್ಸಾಸಿನಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆ. ಬಹಳಷ್ಟು ಕಡೆ ಇವರನ್ನು ಟ್ರೂಪರ್ ಎನ್ನುತ್ತಾರೆ. ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಸುದ್ದಿಯಲ್ಲಿ ಬರುವ ವಾಸದ ನಿಯಮಗಳಲ್ಲಿ ಎಷ್ಟೋ ನಗರದ ನೌಕರರಿಗೆ ಸೇರಿದವು. ಮಿಷಿಗನ್‌ನ 1999ರ ಕಾಯ್ದೆಯನ್ನೇ ನೋಡಿ. ನೌಕರರು ಗಡಿಯಿಂದ 20 ಮೈಲಿಗಿಂತ ಹತ್ತಿರವೇ ಇರಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಅದು ಹೇಳುವುದು ನಗರ, ಕೌಂಟಿಯಂಥ ಸ್ಥಳೀಯ ಸಂಸ್ಥೆಗಳಿಗೆ. ಅದನ್ನು ಓದಿ ಟ್ರೂಪರ್ ನೆಮ್ಮದಿಯಾಗಿ ಕೂರುವಂತಿಲ್ಲ.

ಪೋಸ್ಟಿಂಗ್ ಆದೇಶ ಬರುವ ತನಕ ಕಾಯಿರಿ

ನಾನು ಗಟ್ಟಿಯಾಗಿ ಹೇಳುವ ಮಾತು ಇದೊಂದೇ. ಅಕಾಡೆಮಿಯಲ್ಲಿದ್ದಾಗ ಮನೆ ಕೊಳ್ಳಬೇಡಿ. ಹೊಸಬರನ್ನು ಇಲಾಖೆ ಖಾಲಿ ಇರುವ ಜಾಗಕ್ಕೆ ಕಳಿಸುತ್ತದೆ. ಆಯ್ಕೆ ಕೇಳಿದರೂ ಕೇಳಿದ್ದೇ ಸಿಗುತ್ತದೆಂಬ ಭರವಸೆ ಇಲ್ಲ. ಆದೇಶ ಬಂದ ಮೇಲೂ ಆರಂಭದ ದಿನಗಳಲ್ಲಿ ಹಿರಿಯ ಅಧಿಕಾರಿಯ ಜೊತೆ ರಸ್ತೆಯ ಮೇಲೆ ಕಲಿಯುವುದಿರುತ್ತದೆ. ಅಷ್ಟು ದಿನಕ್ಕೆ ತಿಂಗಳಿಂದ ತಿಂಗಳಿಗೆ ಮುಂದುವರಿಸಬಹುದಾದ ಬಾಡಿಗೆ ಹಿಡಿಯಿರಿ. ವರ್ಷದ ಲೀಸ್ ಬರೆಯಲೇಬೇಕಾದರೆ, ವರ್ಗವಾದರೆ ದಂಡವಿಲ್ಲದೆ ಬಿಡಬಹುದು ಎಂಬ ಸಾಲನ್ನು ಸೇರಿಸಲು ಮಾಲೀಕರನ್ನು ಕೇಳಿ. ಬಾಯಿ ಬಿಟ್ಟು ಕೇಳಿದರೆ ಒಪ್ಪುವವರೂ ಇದ್ದಾರೆ.

ಆಮೇಲೆ, ನಿಯಮವನ್ನು ಕಣ್ಣಾರೆ ಓದಿ

ಸಹೋದ್ಯೋಗಿಗಳು ಹೇಳುವುದು ಅವರು ಸೇರಿದ ಕಾಲದ ನಿಯಮವಾಗಿರಬಹುದು. ಬರೆದಿಟ್ಟ ನಿಯಮ ಇರುವುದು ಮೂರು ಕಡೆ. ರಾಜ್ಯದ ಕಾನೂನು, ಇಲಾಖೆಯ ಆದೇಶಗಳ ಕೈಪಿಡಿ, ಯೂನಿಯನ್ ಇದ್ದರೆ ಅದು ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದ. ಮೂರನ್ನೂ ತರಿಸಿಕೊಂಡು ಪಕ್ಕಪಕ್ಕ ಇಟ್ಟು ಓದಬೇಕು. ಏಕೆಂದರೆ ಕಾನೂನು 'ರಾಜ್ಯದೊಳಗೆ ಇದ್ದರೆ ಸಾಕು' ಎಂದು ಬಿಟ್ಟಿರುವ ಜಾಗವನ್ನು ಕೈಪಿಡಿ ಬಿಗಿ ಮಾಡಿರುತ್ತದೆ, ಒಪ್ಪಂದ ಮತ್ತೆ ಸ್ವಲ್ಪ ಸಡಿಲಿಸಿರುತ್ತದೆ.

ಓದುವಾಗ ಹುಡುಕಬೇಕಾದ್ದು ಹೀಗೆ. ದೂರವನ್ನು ಎಲ್ಲಿಂದ ಅಳೆಯುತ್ತಾರೆ? ಪೋಸ್ಟಿನ ಕಟ್ಟಡದಿಂದಲೋ, ಗಸ್ತಿನ ಸರಹದ್ದಿನ ಗಡಿಯಿಂದಲೋ? ಈ ಒಂದು ಪದದಿಂದ ಹತ್ತಿಪ್ಪತ್ತು ಮೈಲಿ ಆಚೀಚೆ ಆಗುತ್ತದೆ. ಯಾವುದರಲ್ಲಿ ಅಳೆಯುತ್ತಾರೆ? ನಕ್ಷೆಯ ಮೇಲೆ ನೇರ ಗೆರೆ ಎಳೆದೋ, ರಸ್ತೆಯ ಮೈಲಿಯಲ್ಲೋ, ನಿಮಿಷದಲ್ಲೋ? 'ವಾಸ' ಎಂದರೆ ಏನು? ಹೆಂಡತಿ ಮಕ್ಕಳು ಒಂದೂರಲ್ಲಿ, ಅಧಿಕಾರಿ ಪೋಸ್ಟಿನ ಹತ್ತಿರ ಒಂದು ಕೋಣೆಯಲ್ಲಿ ಇದ್ದರೆ ನಡೆಯುತ್ತದೆಯೇ? ಕಾನೂನಿನ ಕಣ್ಣಿನಲ್ಲಿ ಮಲಗುವ ಜಾಗ ಬೇರೆ, ಖಾಯಂ ಮನೆ ಬೇರೆ. ಮತ ಹಾಕುವುದೆಲ್ಲಿ, ಡ್ರೈವಿಂಗ್ ಲೈಸೆನ್ಸ್ ಮೇಲೆ ಯಾವ ವಿಳಾಸವಿದೆ, ತೆರಿಗೆ ಯಾವ ವಿಳಾಸದಿಂದ ಕಟ್ಟುತ್ತೀರಿ, ಇವನ್ನೆಲ್ಲ ನೋಡಿ ಖಾಯಂ ಮನೆ ಯಾವುದೆಂದು ತೀರ್ಮಾನಿಸುತ್ತಾರೆ.

ನಿಯಮಗಳು ಸಾಮಾನ್ಯವಾಗಿ ಕೆಲವು ಬಗೆಯಲ್ಲಿರುತ್ತವೆ. ರಾಜ್ಯದೊಳಗೆ ಎಲ್ಲಿದ್ದರೂ ಸರಿ ಎನ್ನುವುದು ತೀರಾ ಸಡಿಲ. ನಿಯೋಜಿಸಿದ ಕೌಂಟಿಯಲ್ಲೋ ಅದಕ್ಕೆ ತಾಗಿದ ಕೌಂಟಿಯಲ್ಲೋ ಇರಬೇಕೆನ್ನುವುದು ಇನ್ನೊಂದು. ಇಷ್ಟು ಮೈಲಿ, ಇಷ್ಟು ನಿಮಿಷ ಎನ್ನುವುದು ಮತ್ತೊಂದು. ಕೌಂಟಿಯ ನಿಯಮ ಕೇಳಲು ಸುಲಭ. ಆದರೆ ಕೌಂಟಿಗಳ ಗಾತ್ರಕ್ಕೆ ಲೆಕ್ಕವಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಕೌಂಟಿಯ ವಿಸ್ತೀರ್ಣ ಸುಮಾರು 20,000 ಚದರ ಮೈಲಿ, ಇಡೀ ನ್ಯೂಜೆರ್ಸಿ ರಾಜ್ಯದ ಎರಡು ಪಟ್ಟಿಗಿಂತ ಹೆಚ್ಚು. ಅಲ್ಲಿ 'ಕೌಂಟಿಯೊಳಗೆ' ಎಂದು ಮಾತ್ರ ಬರೆದರೆ ಮರುಭೂಮಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಗಂಟೆಗಟ್ಟಲೆ ಬೇಕು. ನನಗಂತೂ ನಿಮಿಷದಲ್ಲಿ ಅಳೆಯುವ ನಿಯಮವೇ ನ್ಯಾಯವೆನಿಸುತ್ತದೆ. ತುರ್ತಿಗೆ ಕಾದಿರುವವರಿಗೆ ಮೈಲಿಯ ಲೆಕ್ಕ ಕಟ್ಟಿಕೊಂಡು ಏನಾಗಬೇಕು?

ಕೆಲವು ಜಾಗಗಳಲ್ಲಿ ಊರೇ ನಿಯಮ. ಅಲಾಸ್ಕಾದ ಬೆತೆಲ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ, ವಿಮಾನದಲ್ಲೋ ನದಿಯ ದಾರಿಯಲ್ಲೋ ಹೋಗಬೇಕು. ಆ ರಾಜ್ಯದ ಕೆಲವು ದೂರದ ಪೋಸ್ಟುಗಳಲ್ಲಿ ಟ್ರೂಪರ್‌ಗಳಿಗೆ ಸರ್ಕಾರವೇ ಮನೆ ಕೊಡುತ್ತದೆ. ಕನೆಕ್ಟಿಕಟ್‌ನಲ್ಲಿ 1947ರಿಂದ ಒಂದು ಪದ್ಧತಿ ಇದೆ. ಸ್ವಂತ ಪೊಲೀಸ್ ಇಲಾಖೆ ಇಲ್ಲದ ಸಣ್ಣ ಊರು ರಾಜ್ಯಕ್ಕೆ ಹಣ ಕೊಟ್ಟು ತನಗೆಂದೇ ಒಬ್ಬ ಟ್ರೂಪರ್‌ನನ್ನು ಪಡೆಯುತ್ತದೆ, ಅವರಿಗೆ 'ರೆಸಿಡೆಂಟ್ ಟ್ರೂಪರ್' ಎಂದೇ ಹೆಸರು.

ಬ್ಯಾರಕ್ಸ್ ಎಂಬ ಮಾತು ಕೇಳಿದರೆ ಗಾಬರಿಯಾಗಬೇಡಿ. 1905ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ಪೊಲೀಸ್ ಹುಟ್ಟಿದಾಗ ಗ್ರೀನ್ಸ್‌ಬರ್ಗ್, ವಯೋಮಿಂಗ್, ರೆಡಿಂಗ್, ಪಂಕ್ಸಟಾನಿ ಎಂಬ ನಾಲ್ಕು ಊರುಗಳಲ್ಲಿ ನಾಲ್ಕು ದಳಗಳಿದ್ದವು. ಮದುವೆಯಾಗದ ಯುವಕರು ತಮ್ಮ ಕುದುರೆಗಳೊಂದಿಗೆ ಬ್ಯಾರಕ್ಸಿನಲ್ಲೇ ಇದ್ದರು. ಅಲ್ಲಿ ಮನೆ ಎಲ್ಲಿ ಎಂಬ ಪ್ರಶ್ನೆಯೇ ಇರಲಿಲ್ಲ. ಇಂದು ಆ ಪದ ಠಾಣೆಯ ಹೆಸರಾಗಿ ಉಳಿದಿದೆ, ಮಲಗಲು ಎಲ್ಲರೂ ಮನೆಗೇ ಹೋಗುತ್ತಾರೆ.

ದಾರಿಯನ್ನು ನೀವೇ ಅಳೆಯಿರಿ

ಫೋನಿನ ನಕ್ಷೆ ಮಧ್ಯಾಹ್ನ ತೋರಿಸುವ ನಿಮಿಷ ನಂಬಿ ಕೆಡಬೇಡಿ. ಮಿಷಿಗನ್‌ನ ಮ್ಯಾಕಿನಾ ಸೇತುವೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ತೆರೆದದ್ದು, ಉದ್ದ ಸುಮಾರು 5 ಮೈಲಿ. ದಕ್ಷಿಣದ ದಡದಲ್ಲಿ ಮ್ಯಾಕಿನಾ ಸಿಟಿ, ಉತ್ತರದ ದಡದಲ್ಲಿ ಸೇಂಟ್ ಇಗ್ನಸ್. ನೇರ ಗೆರೆಯಲ್ಲಿ ಅಳೆದರೆ ಪಕ್ಕದ ಮನೆಯಷ್ಟು ಹತ್ತಿರ. ಆದರೆ ಗಾಳಿ ಜೋರಾದಾಗ, ಚಳಿಗಾಲದಲ್ಲಿ ಸೇತುವೆಯ ತಂತಿಗಳಿಂದ ಐಸ್ ಗಡ್ಡೆಗಳು ಬೀಳತೊಡಗಿದಾಗ ಸಂಚಾರ ನಿಲ್ಲಿಸುತ್ತಾರೆ. ಪೋಸ್ಟ್ ಒಂದು ದಡದಲ್ಲಿ, ಮನೆ ಇನ್ನೊಂದು ದಡದಲ್ಲಿ ಇದ್ದವರಿಗೆ ಆ ಹೊತ್ತಿನಲ್ಲಿ ಬೇರೆ ರಸ್ತೆಯಿಲ್ಲ. ಅಪಘಾತಗಳು ಹೆಚ್ಚುವುದೂ ಅಂಥ ಹೊತ್ತಿನಲ್ಲೇ.

ಹಾಗಾಗಿ ಮನೆ ಮೆಚ್ಚಿದ ಮೇಲೆ ಮೂರು ಸಲ ಆ ದಾರಿಯಲ್ಲಿ ಕಾರು ಓಡಿಸಿ. ಒಮ್ಮೆ ಸಂಜೆ ಆಫೀಸು ಬಿಡುವ ಹೊತ್ತಿನಲ್ಲಿ, ಒಮ್ಮೆ ನಸುಕಿನಲ್ಲಿ, ಒಮ್ಮೆ ಮಳೆಯೋ ಹಿಮವೋ ಬಿದ್ದ ದಿನ. ಎರಡನೇ ಸಲ ಮನೆ ಹುಡುಕುವಾಗ ನನ್ನ ಅಕ್ಕನ ಮಗ ಇದನ್ನೇ ಮಾಡಿದ. ನಾನೂ ಪಕ್ಕದ ಸೀಟಿನಲ್ಲಿದ್ದೆ. ನಸುಕಿನ ನಾಲ್ಕೂವರೆ, ರಾತ್ರಿಯಿಡೀ ಹಿಮ ಬಿದ್ದಿತ್ತು. ಹೆದ್ದಾರಿಯನ್ನು ಸಾಕಷ್ಟು ತೆರವು ಮಾಡಿದ್ದರು. ಸಮಯ ತಿಂದದ್ದು ಮನೆಯಿಂದ ಹೆದ್ದಾರಿ ಮುಟ್ಟುವವರೆಗಿನ ಒಂದೂವರೆ ಮೈಲಿ ಏರು. ಅಲ್ಲಿ ಹಿಮ ತೆಗೆಯುವ ಗಾಡಿ ಇನ್ನೂ ಬಂದಿರಲಿಲ್ಲ. ಅಂಗಳದ ಹಿಮ ಎತ್ತಿಹಾಕಲು ಹಿಡಿದ ಹನ್ನೆರಡು ನಿಮಿಷವನ್ನೂ ಅವನು ಲೆಕ್ಕಕ್ಕೆ ಸೇರಿಸಿದ. ನಕ್ಷೆ ಇಪ್ಪತ್ತೆರಡು ನಿಮಿಷ ಎಂದಿತ್ತು, ಗಡಿಯಾರ ನಲವತ್ತಾರು ತೋರಿಸಿತು. ಆ ಮನೆ ಬಿಟ್ಟು ಕೆಳಗಿನ ದೊಡ್ಡ ರಸ್ತೆಯ ಪಕ್ಕ, ನೋಟಕ್ಕೆ ಅಷ್ಟೇನೂ ಚೆಂದವಿಲ್ಲದ ಮನೆ ಹಿಡಿದರು. ಅಕ್ಕನಿಗೆ ಬೇಸರವಾಯಿತು. ಸೊಸೆ ಮಾತ್ರ, "ಅತ್ತೆ, ನಿಮ್ಮ ಮಗ ರಾತ್ರಿ ಆ ಏರಿನಲ್ಲಿ ಜಾರಿದರೆ ಎಂಬ ಯೋಚನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಕಾರಿನ ನಿಯಮ ಬೇರೆಯೇ ಇದೆ

ಎಷ್ಟೋ ಇಲಾಖೆಗಳು ಟ್ರೂಪರ್‌ಗೆ ಗಸ್ತಿನ ಕಾರನ್ನು ಮನೆಗೆ ಒಯ್ಯಲು ಕೊಡುತ್ತವೆ. ವಾಸದ ನಿಯಮ ಸಡಿಲವಾಗಿದ್ದರೂ ಕಾರಿನ ನಿಯಮ ಬಿಗಿಯಾಗಿರಬಹುದು. ಇಷ್ಟು ಮೈಲಿ ದಾಟಿದರೆ ಕಾರು ಪೋಸ್ಟಿನಲ್ಲೇ ಬಿಟ್ಟು ಹೋಗಿ ಎಂದರೆ ದಿನಾ ಸ್ವಂತ ಕಾರು, ಸ್ವಂತ ಪೆಟ್ರೋಲು. ರಾಜ್ಯದ ಗಡಿ ದಾಟಿದ ಮನೆಯಾದರೆ ಕಾರಿನ ಆಸೆಯನ್ನು ಸಾಮಾನ್ಯವಾಗಿ ಬಿಡಬೇಕಾಗುತ್ತದೆ.

ತೆರಿಗೆಯ ವಿಷಯವೂ ಇದೆ. ಪೊಲೀಸ್ ಗುರುತು ಸ್ಪಷ್ಟವಾಗಿರುವ ಕಾರಿನಲ್ಲಿ ಮನೆಗೆ ಹೋಗಿಬರುವುದನ್ನು ಫೆಡರಲ್ ತೆರಿಗೆ ನಿಯಮ ಆದಾಯವೆಂದು ಎಣಿಸುವುದಿಲ್ಲ. ಅದಕ್ಕೆ ಷರತ್ತುಗಳಿವೆ. ಅಧಿಕಾರಿ ಸದಾ ಕರೆಗೆ ಸಿದ್ಧವಾಗಿರಬೇಕು, ಆ ಕಾರಿನಲ್ಲೇ ಓಡಾಡಬೇಕೆಂದು ಇಲಾಖೆ ಹೇಳಿರಬೇಕು, ಸ್ವಂತ ಕೆಲಸಕ್ಕೆ ಸರಹದ್ದಿನಾಚೆ ಒಯ್ಯುವುದನ್ನು ಇಲಾಖೆ ನಿಷೇಧಿಸಿರಬೇಕು.

ಇನ್ನೊಂದು ಮಾತು ಮನೆಯವರಿಗೆ. ಅಂಗಳದಲ್ಲಿ ಆ ಕಾರು ನಿಂತರೆ ಇದು ಪೊಲೀಸರ ಮನೆ ಎಂದು ಇಡೀ ಬೀದಿಗೆ ಗೊತ್ತಾಗುತ್ತದೆ. ನ್ಯೂಜೆರ್ಸಿಯ 'ಡೇನಿಯಲ್ಸ್ ಲಾ' 2020ರಲ್ಲಿ ಬಂದಿತು. ನ್ಯಾಯಾಧೀಶರ, ಪೊಲೀಸರ ಮನೆ ವಿಳಾಸ ಇಂಟರ್ನೆಟ್ಟಿನಲ್ಲಿ ಹರಡದಂತೆ ಅದು ತಡೆಯುತ್ತದೆ. ಆದರೆ ಅಂಗಳದ ಕಾರನ್ನು ಯಾವ ಕಾನೂನೂ ಮರೆಮಾಡದು. ಗರಾಜ್ ಬಾಗಿಲಿನ ಎತ್ತರ, ಅಗಲ ನೋಡಿಕೊಂಡು ಮನೆ ಆರಿಸಿ. ನೆತ್ತಿಯ ದೀಪಗಳಿರುವ ಕಾರು ಸಾಮಾನ್ಯ ಕಾರಿಗಿಂತ ಎತ್ತರ.

ನಿಯಮಕ್ಕೆ ಹೊಂದದಿದ್ದರೆ

ಹಾಸಿಗೆ ಹಿಡಿದ ತಂದೆತಾಯಿ, ಹೆಂಡತಿಯ ನೌಕರಿ, ವಿಚ್ಛೇದನದ ನಂತರ ಮಕ್ಕಳನ್ನು ಹಂಚಿಕೊಂಡು ಸಾಕುವ ಕೋರ್ಟಿನ ಆದೇಶ, ಇಂಥ ಕಾರಣಗಳಿದ್ದರೆ ವಿನಾಯಿತಿ ಕೇಳಬಹುದು. ಅರ್ಜಿಯ ಜೊತೆ ನೀವು ಅಳೆದ ನಿಮಿಷಗಳನ್ನೂ ದಿನಾಂಕ ಹಾಕಿ ಲಗತ್ತಿಸಿ. ಮನೆಯ ಕಾಗದಕ್ಕೆ ಸಹಿ ಹಾಕುವ ಮೊದಲೇ ಒಪ್ಪಿಗೆ ಬರೆದುಕೊಟ್ಟ ಆದೇಶ ಕೈಯಲ್ಲಿರಬೇಕು. "ಏನೂ ಆಗಲ್ಲ, ಬಂದುಬಿಡು" ಎಂದ ಸಾರ್ಜೆಂಟ್ ಒಳ್ಳೆಯವರೇ ಇರಬಹುದು. ನಾಳೆ ಅವರೇ ವರ್ಗವಾಗಿ ಹೋದರೆ ಆ ಮಾತಿಗೆ ಸಾಕ್ಷಿ ಯಾರು?

ಕೋರ್ಟಿಗೆ ಹೋಗಿ ಗೆಲ್ಲುತ್ತೇನೆ ಎಂದು ಹೊರಡಬೇಡಿ. ಫಿಲಡೆಲ್ಫಿಯಾ ನಗರದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಹದಿನಾರು ವರ್ಷ ಸೇವೆ ಮಾಡಿ, ಮನೆಯನ್ನು ನ್ಯೂಜೆರ್ಸಿಗೆ ಬದಲಿಸಿದ್ದಕ್ಕೆ ಕೆಲಸ ಕಳೆದುಕೊಂಡರು. ಮೆಕಾರ್ಥಿ ಪ್ರಕರಣವೆಂದು ಹೆಸರಾದ ಅದರಲ್ಲಿ 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಗರದ ನಿಯಮವನ್ನೇ ಎತ್ತಿಹಿಡಿಯಿತು. ನೌಕರಿಯಲ್ಲಿರುವಷ್ಟು ಕಾಲ ಇಲ್ಲೇ ವಾಸಿಸಿ ಎಂದು ಕೇಳುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂಬುದು ಅದರ ಸಾರ. ಸಡಿಲಿಕೆ ಸಿಕ್ಕಿದ ಕಡೆಗಳಲ್ಲಿ ಹೆಚ್ಚಾಗಿ ಅದು ಬಂದಿರುವುದು ಶಾಸನಸಭೆಯಿಂದ, ಇಲ್ಲವೇ ಯೂನಿಯನ್ ಮಾತುಕತೆಯಿಂದ.

ವರ್ಗವಾದಾಗ

ಬಡ್ತಿಯ ಜೊತೆಗೆ ವರ್ಗವೂ ಬರುವುದು ಈ ಕೆಲಸದಲ್ಲಿ ಸಾಮಾನ್ಯ. ಹೊಸ ಪೋಸ್ಟಿನ ಸರಹದ್ದಿಗೆ ಮನೆ ಬದಲಿಸಲು ಎಷ್ಟು ದಿನ ಕೊಡುತ್ತಾರೆ, ಅಷ್ಟರವರೆಗೆ ಹಳೆಯ ಮನೆಯಿಂದ ಹೋಗಿಬರಲು ಕಾರು ಸಿಗುತ್ತದೆಯೇ, ಸಾಮಾನು ಸಾಗಿಸುವ ಖರ್ಚು ಯಾರದು, ಇಷ್ಟನ್ನು ಬಡ್ತಿ ಒಪ್ಪಿಕೊಳ್ಳುವ ಮುಂಚೆಯೇ ಕೇಳಿ. ಖರ್ಚನ್ನು ಇಲಾಖೆಯೇ ಕೊಟ್ಟರೂ 2018ರಿಂದ ಆ ಹಣ ಫೆಡರಲ್ ತೆರಿಗೆಗೆ ಒಳಪಡುತ್ತದೆ. ಕೈಗೆ ಬರುವುದು ಹೇಳಿದ್ದಕ್ಕಿಂತ ಕಡಿಮೆ ಎಂದು ಲೆಕ್ಕ ಹಾಕಿಕೊಳ್ಳಿ.

ಹೊಸ ಮನೆಗೆ ಬಂದ ವಾರದಲ್ಲೇ ವಿಳಾಸ, ಫೋನ್ ನಂಬರ್ ಇಲಾಖೆಗೆ ಬರೆದುಕೊಡಿ, ಸ್ವೀಕರಿಸಿದ್ದಕ್ಕೆ ಪ್ರತಿ ಇಟ್ಟುಕೊಳ್ಳಿ. ಲೈಸೆನ್ಸ್, ಮತದಾರರ ಪಟ್ಟಿ, ಕಾರಿನ ವಿಮೆ, ಮೂರರಲ್ಲೂ ಅದೇ ವಿಳಾಸ ಇರಲಿ. ಆ ಪ್ರತಿಗಳನ್ನೆಲ್ಲ ನನ್ನ ಅಕ್ಕನ ಸೊಸೆ ಒಂದು ಫೈಲಿನಲ್ಲಿ ಹಾಕಿಟ್ಟಿದ್ದಾಳೆ. ನಲವತ್ತಾರು ನಿಮಿಷ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಚೀಟಿಯೂ ಅದರಲ್ಲೇ ಇದೆ.