ಮೇಲೆ-ಕೆಳಗೆ ಬೀಳುತ್ತಿದ್ದ ಗುಂಡು ಹಿಡಿತಕ್ಕೆ ಬಂದದ್ದು

ಬೆಳಗಾವಿಯಲ್ಲಿ ಪಾಯಿಂಟ್ ಟೂ-ಟೂ ರೈಫಲ್ ಹಿಡಿದು 50 ಮೀಟರ್ ಪ್ರೋನ್ (ಹೊಟ್ಟೆ ಮೇಲೆ ಮಲಗಿ ಹೊಡೆಯುವ) ಸ್ಪರ್ಧೆಗೆ ತಯಾರಾಗುತ್ತಿರುವವರಿಗೆ ಇದು ಉಪಯೋಗಕ್ಕೆ ಬಂದೀತು. ನನ್ನ ಗುಂಡುಗಳು ಟಾರ್ಗೆಟ್ ಮೇಲೆ ಉದ್ದುದ್ದ, ಒಂದು ಮೇಲೆ ಒಂದು ಕೆಳಗೆ ಬೀಳುತ್ತಿದ್ದವು. ಹತ್ತರ ವೃತ್ತ ಬರೀ 10.4 ಮಿಲಿಮೀಟರ್ ಅಗಲ, ಚೂರು ಸರಿದರೂ ಅಂಕ ಹೋಯಿತು. ಗಾಳಿ ಅನ್ನೋಣ ಅಂದರೆ, ನಮ್ಮೂರಿನ ಮಳೆಗಾಲದ ಗಾಳಿಯೂ ಗುಂಡನ್ನು ಜಾಸ್ತಿ ತಳ್ಳುವುದು ಪಕ್ಕಕ್ಕೇ ಅಲ್ವಾ? ಉಸಿರು ಹಿಡಿಯುವುದರಲ್ಲಿ ಏರುಪೇರಾದರೂ ಹೀಗಾಗುತ್ತದೆ, ಅದಕ್ಕೇ ರೈಫಲನ್ನು ಮರಳಿನ ಚೀಲದ ಮೇಲಿಟ್ಟು ಹೊಡೆದು ನೋಡಿದೆ. ಆಗಲೂ ಅದೇ ಉದ್ದ ಗೆರೆ. ಸ್ಟಾಕಿನ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಭಾಗದ ಸ್ಕ್ರೂ ಬಿಗಿಯಾಗಿಯೇ ಇದ್ದವು.

ಉಳಿದದ್ದು ತೋಟಾ. ಒಂದು ಗುಂಡು ಜೋರಾಗಿ, ಇನ್ನೊಂದು ನಿಧಾನಕ್ಕೆ ಹೊರಟರೆ ಮೇಲೆ-ಕೆಳಗೆ ಆಗಲೇಬೇಕು. ಈ ರೈಫಲಿನದು ರಿಮ್‌ಫೈರ್ ತೋಟಾ, ಅಂದರೆ ತಳದ ಅಂಚಿಗೆ ಬಡಿದಾಗ ಸಿಡಿಯುವಂಥದ್ದು; ಅದನ್ನು ನಾವು ಮತ್ತೆ ತುಂಬಿ ಸರಿಮಾಡಿಕೊಳ್ಳುವ ಹಾಗಿಲ್ಲ, ಕಾರ್ಖಾನೆಯಿಂದ ಬಂದದ್ದೇ ಗತಿ. ಅದೇ ಕಂಪನಿಯ ಬೇರೆ ಲಾಟ್ ನಂಬರಿನ (ಬೇರೆ ಕಂತಿನಲ್ಲಿ ತಯಾರಾದ) ಡಬ್ಬಿ ಹಾಕಿದೆ, ಗುಂಡು ಬಿದ್ದ ತೂತುಗಳ ಗುಂಪು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಯಿತು! ತುಂಬಾ ಖುಷಿಯಾಯಿತು. ಲಾಟ್ ಬದಲಿಸಿದಾಗ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬ್ಯಾರಲ್ಲಿನೊಳಗೆ ಹಳೆ ತೋಟಾದ ಮೇಣ ಇನ್ನೂ ಅಂಟಿರುತ್ತದೆ. ಸ್ಪರ್ಧೆಯ 60 ಗುಂಡು, ಜೊತೆಗೆ ಸೈಟಿಂಗಿಗೆ (ಮೊದಲು ಗುರಿ ಸರಿಮಾಡಿಕೊಳ್ಳಲು) ಬೇಕಾದಷ್ಟು, ಎಲ್ಲವನ್ನೂ ಚೆನ್ನಾಗಿ ಕೂತ ಒಂದೇ ಲಾಟಿನಲ್ಲಿ ಎತ್ತಿಡಿ.