ಕೆಳಗಿರುವುದು ಹಳಿಯಲ್ಲ, ಟ್ಯಾಂಕು

ರೈಲು ತೊಳೆದು ರಿಪೇರಿ ಮಾಡುವ ಮೈಸೂರಿನ ಪಿಟ್ ಲೈನಿಗೆ ಅಜ್ಮೀರ್ ಗಾಡಿ ಬಂದು ನಿಂತರೆ ನಮಗೆ ಕೆಲಸ ಜಾಸ್ತಿ. ದಿನಗಟ್ಟಲೆ ಓಡಿ ಬಂದಿರುತ್ತದೆ. ಬೋಗಿ ಹತ್ತಿದ ಕೂಡಲೇ ನಾನು ಪಾಯಿಖಾನೆಗೆ ಒಂದು ಬಕೆಟ್ ನೀರು ಸುರಿಯುತ್ತೇನೆ. ಸರ್ರನೆ ಇಳಿದರೆ ದಾರಿ ಸರಿಯಾಗಿದೆ. ಮೇಲಕ್ಕೆ ಬಂದು ನಿಂತರೆ ಬಾಗಿದ ಪೈಪಿನಲ್ಲಿ ಏನೋ ಸಿಕ್ಕಿಕೊಂಡಿದೆ. ನೀರು ಇಳಿದರೂ ವಾಸನೆ ಹೋಗದಿದ್ದರೆ ತೊಂದರೆ ಕೆಳಗೆ, ಟ್ಯಾಂಕಿನಲ್ಲಿ.

ಮೊದಲು ಟ್ಯಾಂಕೇ ಇರಲಿಲ್ಲ. ತೂತಿನಲ್ಲಿ ಬಗ್ಗಿ ನೋಡಿದರೆ ಜಲ್ಲಿಕಲ್ಲು ಓಡುವುದು ಕಾಣುತ್ತಿತ್ತು. ಎಲ್ಲಾ ಹಳಿ ಮೇಲೇ. ಹಳಿಗೂ ಅದನ್ನು ಹಿಡಿದಿಡುವ ಕ್ಲಿಪ್ಪಿಗೂ ತುಕ್ಕು. ಆ ಹೊಲಸು ಬಳಿಯುತ್ತಿದ್ದವರೂ ಮನುಷ್ಯರೇ. ಮಲ ಹೊರುವ ಕೆಲಸ ನಿಷೇಧಿಸಿದ 2013ರ ಕಾನೂನಿನಲ್ಲಿ ರೈಲು ಹಳಿಯ ಮಾತೂ ಇದೆ. ಈ ಟ್ಯಾಂಕಿನ ಮೇಲೆ ನನಗೆ ಇಷ್ಟು ಅಕ್ಕರೆ ಅದಕ್ಕೇ.

ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಜೊತೆ ಸೇರಿ ರೈಲ್ವೆಯವರು ಮಾಡಿದ್ದು ಇದು. 2011ರಲ್ಲಿ ಗ್ವಾಲಿಯರ್–ವಾರಾಣಸಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್‌ಗೆ ಮೊದಲು ಹಾಕಿದರು. ಬೋಗಿಯಡಿ ಸ್ಟೀಲ್ ಟ್ಯಾಂಕು, ಒಳಗೆ ಅಡ್ಡಗೋಡೆಗಳು. ಗಾಳಿ ಬೇಡದ ಬ್ಯಾಕ್ಟೀರಿಯಾ ಅಲ್ಲಿ ಬದುಕುತ್ತವೆ. ಹೊಲಸನ್ನು ಕರಗಿಸಿ ನೀರು, ಗ್ಯಾಸು ಮಾಡುತ್ತವೆ. ಆ ನೀರು ಕ್ಲೋರಿನ್ ಹಾದು ಹೊರಗೆ ಹೋಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಟ್ಯಾಂಕಿಗೂ ಬ್ಯಾಕ್ಟೀರಿಯಾ ಬಿಡಬೇಕು. ಜೋರಾದ ಆಸಿಡ್ ಸುರಿದರೆ, ಕುದಿಯುವ ಹಾಲಿಗೆ ಹೆಪ್ಪು ಹಾಕಿದಂತೆಯೇ, ಸತ್ತುಹೋಗುತ್ತವೆ.

ಪ್ಲಾಸ್ಟಿಕ್ ಮಾತ್ರ ಅವಕ್ಕೆ ಕರಗುವುದಿಲ್ಲ. ಒಂದು ಸಲ ಕಟ್ಟಿಕೊಂಡಿದೆ ಅಂತ ಕೈಗವಸು, ಮಾಸ್ಕ್ ಹಾಕಿಕೊಂಡು ಕೊಕ್ಕೆ ಕಂಬಿ ಬಿಟ್ಟೆ. ಮೊದಲು ಗುಟ್ಕಾ ಚೀಟಿ ಬಂತು. ಆಮೇಲೆ ಚಪ್ಪಟೆಯಾದ ನೀರಿನ ಬಾಟಲಿ. ಕೊನೆಗೆ ಮಗುವಿನ ಡೈಪರ್. ನೀರು ಕುಡಿದು ಪೈಪಿನ ತುಂಬ ಊದಿಕೊಂಡಿತ್ತು. ಜಗ್ಗಿದರೆ ಹರಿಯುತ್ತದೆ, ಒಳಗಿನ ಲೋಳೆ ಪೈಪಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಕಂಬಿಗೆ ನಿಧಾನವಾಗಿ ಸುತ್ತಿಕೊಳ್ಳುತ್ತಾ ತರಬೇಕು. ಅದೊಂದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಎರಡು ಜೊತೆ ಕೈಗವಸು ಹೋಯಿತು.

ಇದನ್ನೆಲ್ಲಾ ಜನ ಬೇಕಂತಲೇ ಮಾಡುತ್ತಾರೆ ಅಂದುಕೊಂಡಿದ್ದೆ. ಒಂದು ಸಂಜೆ ಮಂಡ್ಯಕ್ಕೆ ಹೊರಟಿದ್ದೆ. ಪಾಯಿಖಾನೆ ಬಾಗಿಲಲ್ಲಿ ಒಬ್ಬ ತಾಯಿ, ಕಂಕುಳಲ್ಲಿ ಕೂಸು, ಕೈಯಲ್ಲಿ ಮಡಚಿದ ಡೈಪರ್.

"ಅಕ್ಕಾ, ಒಳಗೆ ಹಾಕ್ಬೇಡಿ."

"ಯಾಕಣ್ಣ? ಹಳಿಗೆ ತಾನೇ ಬೀಳೋದು?"

ಸಿಟ್ಟೆಲ್ಲಾ ಇಳಿದುಹೋಯಿತು. ಆಯಮ್ಮನಿಗೆ ಯಾರೂ ಹೇಳಿರಲೇ ಇಲ್ಲ, ಅಲ್ವಾ? ಕೆಳಗೆ ಟ್ಯಾಂಕ್ ಇರುವುದನ್ನೂ, ನಾವು ಕಂಬಿ ಬಿಟ್ಟು ಎಳೆಯುವುದನ್ನೂ ಹೇಳಿದೆ. ಟಿಫನ್ ಡಬ್ಬಿ ಸುತ್ತಿದ್ದ ಕವರ್ ಬಿಚ್ಚಿ ಕೊಟ್ಟೆ. "ನಂಗೆ ಗೊತ್ತೇ ಇರ್ಲಿಲ್ಲ ಕಣಣ್ಣ" ಅಂದರು. ಮಂಡ್ಯದಲ್ಲಿ ಇಳಿದವರು ಆ ಕವರ್ ಹಿಡಿದುಕೊಂಡೇ ಪ್ಲಾಟ್‌ಫಾರಂ ಮೇಲೆ ಕಸದ ಡಬ್ಬ ಹುಡುಕುತ್ತಿದ್ದರು.