ಪೆಟ್ಟಿಗೆಯಲ್ಲಿ ಸಿಕ್ಕ ಚೀಟಿ

ಶಾಲೆ ಮಕ್ಕಳಿಗೆ ನಶೆ, ಎಚ್‌ಐವಿ ಬಗ್ಗೆ ತಿಳಿಹೇಳಲು ಸೇರಿದ ನಮ್ಮ ಸಮಿತಿ ಮೊದಲ ವರ್ಷ ಮಾಡಿದ್ದು ಬರೀ ಭಾಷಣ. ಹಾಳಾದ ಶ್ವಾಸಕೋಶದ ಚಿತ್ರ ತೋರಿಸಿದೆವು, ಮಕ್ಕಳು ಚಪ್ಪಾಳೆ ತಟ್ಟಿದರು, ಫೋಟೊ ತೆಗೆಸಿಕೊಂಡು ಎದ್ದು ಬಂದೆವು. ನಶೆಗೆ ಒಂದು ದಿನ, ಎಚ್‌ಐವಿಗೆ ಇನ್ನೊಂದು ದಿನ. ಕೂತು ಕೇಳುವ ಮಕ್ಕಳು ಮಾತ್ರ ಅವರೇ!

ಎರಡನೇ ವರ್ಷ ಶಾಲೆಯಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆ ಇಟ್ಟೆವು. ಹೆಸರು ಬೇಡ, ಏನು ಬೇಕಾದರೂ ಕೇಳಿ ಅಂದೆವು. ವಾರ ಪೂರ್ತಿ ಖಾಲಿ. ಕೊನೆಗೆ ಒಬ್ಬ ಹುಡುಗಿ ನಕ್ಕಳು, "ಸ್ಟಾಫ್ ರೂಮ್ ಬಾಗಿಲಲ್ಲಿ ಇಟ್ಟಿದ್ದೀರಲ್ಲ ಮೇಡಂ, ಯಾರು ಹಾಕ್ತಾರೆ?" ಪೆಟ್ಟಿಗೆಯನ್ನು ನಲ್ಲಿ ಪಕ್ಕಕ್ಕೆ ಸರಿಸಿ, ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಪ್ರಶ್ನೆ ಇಲ್ಲದಿದ್ದರೆ ಖಾಲಿ ಚೀಟಿಯನ್ನೇ ಮಡಚಿ ಹಾಕಿ ಅಂದ ಮೇಲೆ ಪೆಟ್ಟಿಗೆ ತುಂಬಿತು.

ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುತ್ತಾ ಅನ್ನೋದೇ ಜಾಸ್ತಿ. ಬರಲ್ಲ. ಗೆಳೆಯ ನಶೆಗೆ ವೈಟ್ನರ್ ಮೂಸುತ್ತಾನೆ, ಹೇಳಿದರೆ ಪೊಲೀಸರು ಹಿಡೀತಾರಾ ಅಂತ ಒಂದು. ನಾಲ್ಕು ಮಡಿಕೆ ಮಾಡಿದ ಇನ್ನೊಂದರಲ್ಲಿ ಪೆನ್ಸಿಲ್ ಅಕ್ಷರ: "ಒಂದೇ ಸಿರಿಂಜ್ ಇಬ್ಬರು ಬಳಸುವಾಗ ನೀರಲ್ಲಿ ತೊಳೆದರೆ ಸಾಕಾ?"

ಮುಖ್ಯ ಶಿಕ್ಷಕರು ಅಕ್ಷರ ನೋಡಿ ಹುಡುಗನನ್ನು ಹಿಡಿಯೋಣ ಅಂದರು. ನಾನು ಚೀಟಿ ಕೊಡಲಿಲ್ಲ. ಅವತ್ತು ಆ ಹುಡುಗನನ್ನು ಹಿಡಿಯಲು ಬಿಟ್ಟಿದ್ದರೆ ಮರುದಿನದಿಂದ ಪೆಟ್ಟಿಗೆಗೆ ಗೂಡು ಕಟ್ಟುವ ಜೇಡ ಮಾತ್ರ ಗತಿ, ಅಲ್ವಾ? ಆರೋಗ್ಯ ಕೇಂದ್ರದ ನರ್ಸ್ ಇಡೀ ತರಗತಿಗೇ ಉತ್ತರ ಹೇಳಿದರು. ಸಾಲದು, ತೊಳೆದರೂ ಒಳಗೆ ರಕ್ತ ಉಳಿಯುತ್ತದೆ. ಆಗಿಹೋಗಿದ್ದರೆ ಆದಷ್ಟು ಬೇಗ, 72 ಗಂಟೆಯ ಒಳಗೆ ಬನ್ನಿ, ಎಚ್‌ಐವಿ ತಗಲದಂತೆ ತಡೆಯುವ 28 ದಿನದ ಮಾತ್ರೆ ಇದೆ, ಬೈಯುವುದಿಲ್ಲ. ಸೂಜಿ ಮುಟ್ಟದವರಿಗೂ ಅಪಾಯ ಇದೆ, ಕುಡಿದ ತಲೆಗೆ ಕಾಂಡೋಮ್ ನೆನಪಾಗುವುದಿಲ್ಲ ಅಂತಲೂ ಬಿಡಿಸಿ ಹೇಳಿದರು. ಬರೆದವರು ಯಾರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಸಮಿತಿಯಲ್ಲಿ ತಲೆಗೊಂದು ಸಣ್ಣ ಕೆಲಸ ಹಂಚಿದೆವು. ಅಂಗಡಿಯವರು ಮಕ್ಕಳಿಗೆ ಥಿನ್ನರ್, ಸಿಗರೇಟ್ ಮಾರುವುದು ನಿಲ್ಲಿಸಬೇಕು. ಅಪ್ಪ ಅಮ್ಮಂದಿರು ಸರದಿ ಮೇಲೆ ಸಂಜೆ ಆಟದ ಮೈದಾನದಲ್ಲಿ ಇರಬೇಕು, ಯಾಕೆಂದರೆ ಶಾಲೆ ಬಿಟ್ಟ ಮೇಲಿನ ಆ ಮೂರು ಗಂಟೆ ಮಕ್ಕಳನ್ನು ಕೇಳುವವರೇ ಇರಲಿಲ್ಲ. ಮಕ್ಕಳ ಕುಡಿತ ತಗ್ಗಿಸಲು ಐಸ್‌ಲ್ಯಾಂಡ್ ದೇಶದವರು ಹಿಡಿದದ್ದೂ ಇದೇ ಸಂಜೆಯನ್ನ. ಸಮೀಕ್ಷೆಯ ಹಿಂದಿನ ತಿಂಗಳು ಕುಡಿದು ಮತ್ತೇರಿದ್ದ 15-16ರ ಮಕ್ಕಳು ಅಲ್ಲಿ 1998ರಲ್ಲಿ ನೂರಕ್ಕೆ 42, 2016ರಲ್ಲಿ 5. ನಮ್ಮ ಲೆಕ್ಕ ಅಷ್ಟು ಚೆಂದ ಇಲ್ಲ, ಇಬ್ಬರು ಅಂಗಡಿಯವರು ಇನ್ನೂ ಕದ್ದು ಮಾರುತ್ತಾರೆ.

ಕಾಂಡೋಮ್ ಅನ್ನೋ ಮಾತು ಬಂದ ಕೂಡಲೇ ಒಬ್ಬ ಹಿರಿಯರು ಸಭೆಯಿಂದ ಎದ್ದು ಹೋಗಿದ್ದರು. ಪ್ರಶ್ನೆಗಳನ್ನೆಲ್ಲ ನನ್ನ ಕೈಯಲ್ಲೇ ಬೇರೆ ಹಾಳೆಗೆ ಬರೆದುಕೊಂಡು ಅವರ ಮನೆಗೇ ಹೋದೆ. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟೆಲ್ಲ ಕೇಳ್ತಾರೇನಮ್ಮ?" ಅಂದರು. ಮುಂದಿನ ಸಭೆಗೆ ಬಂದರು, ಆ ಮಾತು ಬಂದಾಗ ಕಿಟಕಿ ಕಡೆ ನೋಡುತ್ತಾ ಕೂತರು, ಏಳಲಿಲ್ಲ. ಪೆಟ್ಟಿಗೆಯ ಕೀಲಿ ಈಗ ನರ್ಸ್ ಹತ್ತಿರ ಇದೆ. ಮಕ್ಕಳೇ ಹಾಗೆ ಕೇಳಿದರು.